48 ಗಂಟೆ ಅಂದ್ರೆ ಎಷ್ಟು?

ಕೇಳುಗರಿಗೆ ನಮಸ್ಕಾರ.

ಶನಿವಾರ ಸಂಜೆ ಐದೂವರೆ. ಪವರ್ ಪ್ರೆಸ್‌ನಲ್ಲಿ, ಅಂದರೆ ತಗಡನ್ನು ಒತ್ತಿ ಕತ್ತರಿಸುವ ಮಷೀನಿನಲ್ಲಿ, ವಾಷರ್ ಹೊಡೆಯುತ್ತಿದ್ದ ಹುಡುಗನ ಎಡಗೈ ತೋರುಬೆರಳು ಡೈ (ಅಚ್ಚು) ಒಳಗೆ ಸಿಕ್ಕಿತು. ಪೆಡಲ್ ಒಂದು ಸಲ ಒತ್ತಿದರೆ ಒಂದೇ ಸಲ ಇಳಿಯಬೇಕಾದ ಪ್ರೆಸ್ ಎರಡು ಸಲ ಇಳಿದಿತ್ತು. ಡಬಲ್ ಸ್ಟ್ರೋಕ್ ಅನ್ನುತ್ತೇವೆ ನಾವು. ಕ್ಲಚ್ ಕೀ ಸವೆದರೆ, ಸ್ಪ್ರಿಂಗ್ ಮುರಿದರೆ ಹೀಗಾಗುತ್ತದೆ. ಬೆರಳಿನ ತುದಿಯ ಗೆಣ್ಣು ಹೋಯಿತು. ನಾನು ಆಗ ಆ ಶಾಪಿನ ಸೂಪರ್‌ವೈಸರ್. ಕೈಗೆ ಬಟ್ಟೆ ಸುತ್ತಿ, ಸ್ಕೂಟರ್ ಮೇಲೆ ಕೂರಿಸಿಕೊಂಡು ಹತ್ತಿರದ ನರ್ಸಿಂಗ್ ಹೋಮ್‌ಗೆ ಓಡಿದೆ.

ವಾಪಸ್ ಬರುವಷ್ಟರಲ್ಲಿ ಮಾಲೀಕರು ಲೆಕ್ಕ ಹಾಕಿ ಮುಗಿಸಿದ್ದರು. "ನಾಳೆ ಭಾನುವಾರ, ರಜೆ. ಸೋಮವಾರ ಬೆಳಿಗ್ಗೆ ಬಂದು ಆಫೀಸಲ್ಲಿ ಕೂತ್ಕೊಳ್ಳಲಿ, ಹಾಜರಿ ಹಾಕಿ. 48 ಗಂಟೆ ಆಗೋದೇ ಇಲ್ಲ. ಸುಮ್ನೆ ಕಾರ್ಖಾನೆಗಳ ಇಲಾಖೆಗೆ ಬರೆದು ತಲೆನೋವು ಯಾಕೆ ತಗೋತೀರಿ?"

ಈ 48 ಗಂಟೆ ಅವರು ಹುಟ್ಟಿಸಿದ್ದಲ್ಲ. 1948ರ ಕಾರ್ಖಾನೆ ಕಾಯ್ದೆಯ 88ನೇ ಸೆಕ್ಷನ್‌ನಲ್ಲೇ ಇತ್ತು. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆ ಜಾರಿಯಾದದ್ದು 2025ರ ನವೆಂಬರ್ 21ರಂದು. ಅದರ 10ನೇ ಸೆಕ್ಷನ್‌ನಲ್ಲೂ ಅದೇ ಮಾತಿದೆ. ಸಾವಾದರೆ ತಿಳಿಸಲೇಬೇಕು, ಅದರಲ್ಲಿ ಯೋಚನೆಯೇ ಇಲ್ಲ. ಗಾಯವಾದರೆ, ಆ ಗಾಯದಿಂದಾಗಿ ಅಪಘಾತದ ಮರುಕ್ಷಣದಿಂದ 48 ಗಂಟೆ ಅಥವಾ ಜಾಸ್ತಿ ಹೊತ್ತು ಕೆಲಸ ಮಾಡಲು ಆಗದಿದ್ದರೆ ತಿಳಿಸಬೇಕು.

ಜಗಳವೆಲ್ಲ ಇರುವುದು 'ಕೆಲಸ ಮಾಡಲು ಆಗದಿದ್ದರೆ' ಎನ್ನುವಲ್ಲಿ. ಭಾನುವಾರ ರಜೆ ಕಾರ್ಖಾನೆಗೆ, ಗಾಯಕ್ಕಲ್ಲ ಅಲ್ವಾ? ಶನಿವಾರ ಸಂಜೆ ಐದೂವರೆಯಿಂದ ಎಣಿಸಿದರೆ ಸೋಮವಾರ ಸಂಜೆ ಐದೂವರೆಗೆ 48 ಗಂಟೆ. ಅಷ್ಟರೊಳಗೆ ಈ ಹುಡುಗ ಪ್ರೆಸ್ ನಡೆಸಬಲ್ಲನೇ? ಕೈಯನ್ನು ಎದೆಗೆ ಆನಿಸಿಕೊಂಡು ಆಫೀಸಿನ ಸ್ಟೂಲ್ ಮೇಲೆ ಕೂತವನು ಕೆಲಸ ಮಾಡುತ್ತಿದ್ದಾನೆ ಎಂದು ಯಾರಾದರೂ ಹೇಳಿದರೆ, ಅದು ಅವನ ಹಾಜರಿಯ ಮಾತು, ಕೆಲಸದ ಮಾತಲ್ಲ. ಹೌದು, ಗಡಿಯ ಮೇಲೆ ನಿಲ್ಲುವ ಸಂದರ್ಭಗಳೂ ಇವೆ. ಕಾಲು ಉಳುಕಿದ ಫಿಟ್ಟರ್ ಎರಡು ದಿನ ಕೂತುಕೊಂಡು ನಿಜವಾಗಿ ಮಾಲು ಎಣಿಸಿದ್ದರೆ ವಾದಕ್ಕೆ ಜಾಗ ಇದೆ. ಅಂಥ ಕಡೆ ನನ್ನ ಅಳತೆ ಒಂದೇ. ಇವನನ್ನು ಇವತ್ತು ಇವನ ಮಷೀನಿಗೆ ಕೂರಿಸಲು ನನಗೆ ಧೈರ್ಯ ಇದೆಯೇ? ಇಲ್ಲದಿದ್ದರೆ ಬರೆಯಬೇಕು.

ಇನ್ನು ಯಾರಿಗೂ ಗಾಯವೇ ಆಗದ ಪ್ರಸಂಗ. ಭಾರ ಎತ್ತುವ ಹಾಯ್ಸ್ಟ್ ಮುರಿದು ಲೋಡ್ ಕೆಳಗೆ ಬಿತ್ತು, ಕೆಳಗೆ ಯಾರೂ ಇರಲಿಲ್ಲ ಅನ್ನಿ. ನಾವು ತೆಂಗಿನಕಾಯಿ ಒಡೆದು ಮುಂದೆ ಹೋಗುತ್ತೇವೆ. ಅದು ಅಪಾಯಕಾರಿ ಘಟನೆ, ಅದನ್ನೂ ತಿಳಿಸಬೇಕು.

ನಮ್ಮ ಮಾಲೀಕರು ಇಷ್ಟಕ್ಕೇ ಬಿಡಲಿಲ್ಲ. ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆಯ ಡಾಕ್ಟರ್ ಕೇಳಿದರೆ ಮನೆ ಬಾಗಿಲಿಗೆ ಬೆರಳು ಸಿಕ್ಕಿತು ಅಂತ ಹೇಳು ಎಂದು ಹುಡುಗನಿಗೆ ಹೇಳಿಕೊಟ್ಟರು. ಅವನೂ ತಲೆಯಾಡಿಸಿದ. ಅವನಿಗೆ ಏನು ಹೋಯಿತು, ಸ್ವಲ್ಪ ಲೆಕ್ಕ ನೋಡೋಣ. ಇಎಸ್‌ಐನಲ್ಲಿ ಕಾಯಿಲೆ ರಜೆಗೆ ಸಿಗುವುದು ಕೂಲಿಯ 70 ಪರ್ಸೆಂಟ್, ಅದೂ ವರ್ಷಕ್ಕೆ 91 ದಿನದವರೆಗೆ. ಕೆಲಸದ ಗಾಯ ಎಂದು ದಾಖಲಾದರೆ 90 ಪರ್ಸೆಂಟ್, ವಾಸಿಯಾಗುವವರೆಗೆ. ಎಷ್ಟು ತಿಂಗಳು ಕಂತು ಕಟ್ಟಿದ್ದಾನೆ ಎಂದೂ ಕೇಳುವುದಿಲ್ಲ. ಅದಾದ ಮೇಲೆ ಯಾವ ಬೆರಳು ಎಷ್ಟು ಹೋದರೆ ಎಷ್ಟು ನಷ್ಟ ಎಂದು ಕಾನೂನೇ ಬರೆದಿಟ್ಟ ಪಟ್ಟಿ ಇದೆ. ತೋರುಬೆರಳಿನ ಒಂದು ಗೆಣ್ಣು ಹೋದರೆ ದುಡಿಯುವ ಶಕ್ತಿಯ 9 ಪರ್ಸೆಂಟ್ ಹೋಯಿತು ಎಂದು ಅದರಲ್ಲೇ ಬರೆದಿದೆ. ಅದರ ಮೇಲೆ ಶಾಶ್ವತ ಅಂಗವೈಕಲ್ಯದ ಹಣ ಬರುತ್ತದೆ. ಮನೆ ಬಾಗಿಲಿಗೆ ಸಿಕ್ಕ ಬೆರಳಿಗೆ ಅದು ಬರುವುದಿಲ್ಲ.

ಇಎಸ್‌ಐಗೆ 48 ಗಂಟೆಯ ಲೆಕ್ಕವೇ ಇಲ್ಲ, ಇದನ್ನು ತುಂಬ ಜನ ಮರೆಯುತ್ತಾರೆ. ಗಾಯವಾದವನು ಬಾಯಲ್ಲಿ ಹೇಳಿದರೂ ಸಾಕು, ಅಪಘಾತ ಪುಸ್ತಕದಲ್ಲಿ ಬರೆಯಬೇಕು. ಮಾಲೀಕರು 24 ಗಂಟೆಯೊಳಗೆ ವರದಿ ಕಳಿಸಬೇಕು. ಜೀವಕ್ಕೆ ಅಪಾಯ ಇದ್ದರೆ ಅಥವಾ ಅಂಗ ಹೋಗುವಂತಿದ್ದರೆ ತಕ್ಷಣವೇ. ಅಂದರೆ ಆ ಸಂಜೆಯೇ ಕಳಿಸಬೇಕಿತ್ತು. ಕಾರ್ಖಾನೆಗಳ ಇಲಾಖೆಗೆ ಬರೆಯಬೇಕೋ ಬೇಡವೋ ಎನ್ನುವುದು ಒಂದು ಪ್ರಶ್ನೆ, ಇದು ಬೇರೆಯೇ ಪ್ರಶ್ನೆ. ಎರಡನ್ನೂ ಕಲಸಿ ಎರಡನ್ನೂ ತಪ್ಪಿಸುವುದು ನಮ್ಮ ಸಣ್ಣ ಶಾಪುಗಳ ಹಳೇ ಚಾಳಿ.

ನಾನೇನು ಮಾಡಿದೆ ಎಂದು ಕೇಳುತ್ತೀರಿ. ಸೋಮವಾರ ಹುಡುಗ ಬಂದ, ಸ್ಟೂಲ್ ಮೇಲೆ ಕೂತ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಹಾಜರಿ ಗುರುತು ಹಾಕಿದ್ದು ನಾನೇ. ಅಪಘಾತ ಪುಸ್ತಕ ಬೀರುವಿನಲ್ಲಿತ್ತು, ತೆಗೆಯಲಿಲ್ಲ. ವರದಿಯೇ ಹೋಗಲಿಲ್ಲ, ಹಾಗಾಗಿ ಇನ್‌ಸ್ಪೆಕ್ಟರ್ ಬರಲಿಲ್ಲ. ಪ್ರೆಸ್ ಯಾಕೆ ಎರಡು ಸಲ ಇಳಿಯಿತು ಎಂದು ಯಾರೂ ಕ್ಲಚ್ ಬಿಚ್ಚಿ ನೋಡಲಿಲ್ಲ. ಆರ್ಡರ್ ಅರ್ಜೆಂಟ್ ಇತ್ತು. ಮಂಗಳವಾರ ಮೊದಲ ಶಿಫ್ಟಿಗೆ ಅದೇ ಪ್ರೆಸ್ ಮುಂದೆ ಇನ್ನೊಬ್ಬ ಹುಡುಗನನ್ನು ಕೂರಿಸಿದೆ.

ನಮಸ್ಕಾರ.