ಕ್ಯಾನ್ ಕೊಡುವ ಮೊದಲು ಕ್ಯಾಲೆಂಡರ್ ನೋಡಬೇಕಿತ್ತು

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಹೊಡೆಯುತ್ತಿದೆ, ಮೈಕಲ್ಲಿ ಆ ಸದ್ದು ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ಇವತ್ತಿನ ವಿಡಿಯೋಗೆ ಅದು ಸರಿಯಾಗಿಯೇ ಹೊಂದುತ್ತದೆ. ಯಾಕಂದರೆ ಈ ಇಡೀ ವಿಡಿಯೋ ಇರುವುದೇ ಒಂದು ದಿನದ ಮಳೆಯ ಮೇಲೆ.

ಸ್ಟಾರ್‌ಡ್ಯೂ ವ್ಯಾಲಿ. 2016ರ ಫೆಬ್ರವರಿಯಲ್ಲಿ ಬಂದ, ತೋಟ ಮಾಡುವ ವಿಡಿಯೋ ಗೇಮ್. ಎರಿಕ್ ಬರೋನ್ ಅನ್ನುವವರು ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ಒಬ್ಬರೇ ಕೂತು ಮಾಡಿದ್ದು. ನಾನು ಆಡುವುದು ಫೋನಲ್ಲಿ, ಬಸ್ಸಲ್ಲಿ, ರಾತ್ರಿ ನಿದ್ದೆ ಬರದಿದ್ದಾಗ. ಆಟದಲ್ಲಿ ಕನ್ನಡ ಇಲ್ಲ. ಹಾಗಾಗಿ ಸಾಮಾನುಗಳಿಗೆಲ್ಲ ನಾನೇ ಹೆಸರು ಇಟ್ಟುಕೊಂಡಿದ್ದೇನೆ. ಇಟ್ಟುಕೊಳ್ಳುವುದೇನು, ಹೆಸರು ಮೊದಲಿಂದಲೂ ನಮ್ಮಲ್ಲಿ ಇವೆ ಅಲ್ವಾ? ಗುದ್ದಲಿ, ಪಿಕಾಸಿ, ಕೊಡಲಿ, ಕುಡುಗೋಲು. ನೀರಿನ ಕ್ಯಾನಿಗೆ ಮಾತ್ರ ಕ್ಯಾನ್ ಅಂತಲೇ ಅನ್ನುತ್ತೇನೆ. ಇನ್ನೊಂದು, ಆಟದಲ್ಲಿ ದುಡ್ಡಿಗೆ ಜಿ ಅಂತ ಬರೆದಿರುತ್ತದೆ, ನನ್ನ ಬಾಯಿಗೆ ರೂಪಾಯಿ ಅಂತಲೇ ಬರುತ್ತದೆ. ಅಡ್ಜಸ್ಟ್ ಮಾಡಿಕೊಳ್ಳಿ.

ಈ ಐದೂ ಮೊದಲ ದಿನವೇ ನಿಮ್ಮ ಬ್ಯಾಗಲ್ಲಿ ಇರುತ್ತವೆ. ಯಾರ ಹತ್ತಿರವೂ ಕೇಳಬೇಕಾಗಿಲ್ಲ. ಎರಡನೇ ದಿನ ವಿಲ್ಲಿ ಅನ್ನುವ ಮೀನುಗಾರನಿಂದ ಕಾಗದ ಬರುತ್ತದೆ, ಸಮುದ್ರದ ಹತ್ತಿರ ಹೋದರೆ ಬಿದಿರಿನ ಗಾಳ ಫ್ರೀಯಾಗಿ ಕೊಡುತ್ತಾನೆ. ಅದೇ ಗಾಳ ಅವನ ಅಂಗಡಿಯಲ್ಲಿ 500 ರೂಪಾಯಿ! ಐದನೇ ದಿನ ಗಣಿ ತೆರೆಯುತ್ತದೆ. ಒಳಗೆ ಹೋದರೆ ಮಾರ್ಲನ್ ಅನ್ನುವ ಮುದುಕ ತುಕ್ಕು ಹಿಡಿದ ಒಂದು ಕತ್ತಿ ಕೈಗಿಡುತ್ತಾನೆ. ಅಷ್ಟೇ. ಸಾಮಾನು ಸಿಗುವುದು ಈ ಆಟದಲ್ಲಿ ಕಷ್ಟವೇ ಅಲ್ಲ. ಕಷ್ಟ ಇರುವುದು ಅವನ್ನು ಇನ್ನೂ ಒಳ್ಳೆಯ ಲೋಹಕ್ಕೆ ಏರಿಸಿ ಹದ ಮಾಡಿಸುವುದರಲ್ಲಿ.

ಈಗ ಸ್ಕ್ರೀನ್ ನೋಡಿ. ಇದು ನನ್ನ ತೋಟ, ವಸಂತದ 10ನೇ ದಿನ. ಒಂದು ಗಿಡಕ್ಕೆ ನೀರು, ಒಂದು ಹೆಜ್ಜೆ ಪಕ್ಕಕ್ಕೆ, ಇನ್ನೊಂದು ಗಿಡಕ್ಕೆ ನೀರು. ಹಳೇ ಕ್ಯಾನಲ್ಲಿ 40 ಸಲ ನೀರು ಹಾಕಬಹುದು, ಆಮೇಲೆ ಕೆರೆಗೆ ಓಡಬೇಕು. ಶುರುವಿನಲ್ಲಿ ಮೈಯಲ್ಲಿರುವ ಶಕ್ತಿ 270. ಒಂದು ಸಲ ನೀರು ಹಾಕಿದರೆ 2 ಹೋಗುತ್ತದೆ. 40 ಗಿಡ ಅಂದರೆ 80. ಬೆಳಿಗ್ಗೆ ಎಂಟು ಗಂಟೆಗೇ ಸುಸ್ತು, ಇನ್ನು ಗಣಿಗೆ ಯಾವಾಗ ಹೋಗುವುದು? ಕುಡುಗೋಲು ಮಾತ್ರ ಎಷ್ಟು ಬೀಸಿದರೂ ಒಂದು ಚೂರೂ ಶಕ್ತಿ ಹೋಗುವುದಿಲ್ಲ. ಕೆಲವು ಸಲ ನಾನು ಸುಮ್ನೆ ಹುಲ್ಲು ಕೊಯ್ಯುತ್ತಾ ನಿಂತಿರುತ್ತೇನೆ.

ಊರಲ್ಲಿ ಕ್ಲಿಂಟ್ ಅಂತ ಒಬ್ಬ ಕಮ್ಮಾರ ಇದ್ದಾನೆ. ಕುಲುಮೆ ಬಾಗಿಲು ತೆರೆಯುವುದು 9ಕ್ಕೆ, ಮುಚ್ಚುವುದು 4ಕ್ಕೆ. ಸರ್ಕಾರಿ ಕೆಲಸದವರಿಗಿಂತ ಕಟ್ಟುನಿಟ್ಟು. ಗುದ್ದಲಿ, ಪಿಕಾಸಿ, ಕೊಡಲಿ, ಕ್ಯಾನ್, ಇವುಗಳಲ್ಲಿ ಯಾವುದನ್ನೇ ಆಗಲಿ ತಾಮ್ರಕ್ಕೆ ಏರಿಸಲು 2,000 ರೂಪಾಯಿ ಮತ್ತು 5 ತಾಮ್ರದ ಗಟ್ಟಿ. ಆಮೇಲೆ ಉಕ್ಕಿಗೆ 5,000, ಚಿನ್ನಕ್ಕೆ 10,000, ಇರಿಡಿಯಂಗೆ 25,000. ಪ್ರತಿ ಸಲವೂ ಆಯಾ ಲೋಹದ 5 ಗಟ್ಟಿ, ಉಕ್ಕಿಗೆ ಮಾತ್ರ ಕಬ್ಬಿಣದ ಗಟ್ಟಿ. ಪ್ರತಿ ಸಲವೂ ಎರಡು ದಿನ ಸಾಮಾನು ಅವನ ಹತ್ತಿರವೇ ಇರುತ್ತದೆ.

ಮೊದಲನೇ ಸಲ ಗಟ್ಟಿ ಹೊಂದಿಸುವುದು ಲೆಕ್ಕಕ್ಕಿಂತ ಜಾಸ್ತಿ ಹಿಡಿಯುತ್ತದೆ. ಒಂದು ಗಟ್ಟಿಗೆ 5 ತಾಮ್ರದ ಅದಿರು, ಒಂದು ಕಲ್ಲಿದ್ದಲು. ಐದು ಗಟ್ಟಿಗೆ 25 ಅದಿರು ತಾನೇ ಅಂದುಕೊಂಡು ನಾನು ಗಣಿಯಿಂದ ಓಡಿ ಬಂದೆ. ಆದರೆ ಅದಿರು ಕರಗಿಸಲು ನಮ್ಮದೇ ಒಂದು ಕುಲುಮೆ ಬೇಕು, ಅದನ್ನು ಕಟ್ಟಲಿಕ್ಕೇ 20 ಅದಿರು ಮತ್ತು 25 ಕಲ್ಲು ಬೇಕು, ಅದು ತಲೆಯಲ್ಲೇ ಇರಲಿಲ್ಲ. ವಾಪಸ್ ಹೋದೆ. ಇಲ್ಲಿ ನೋಡಿ, ಕುಲುಮೆ ಉರಿಯುತ್ತಿದೆ. ಆಟದ ಗಡಿಯಾರದಲ್ಲಿ ಅರ್ಧ ಗಂಟೆ, ನಮ್ಮ ಗಡಿಯಾರದಲ್ಲಿ ಇಪ್ಪತ್ತು ಸೆಕೆಂಡು ಚಿಲ್ಲರೆ. ಬಾಯಲ್ಲಿ ಕಿತ್ತಳೆ ಬಣ್ಣದ ಬೆಂಕಿ ಕುಣಿಯುತ್ತದೆ, ಇಡೀ ಕುಲುಮೆ ಉಸಿರಾಡುವ ಹಾಗೆ ಉಬ್ಬುತ್ತದೆ, ತಲೆ ಮೇಲೆ ಪುಟ್ಟ ಗುಳ್ಳೆಯಲ್ಲಿ ಗಟ್ಟಿ ಬಂದು ನಿಲ್ಲುತ್ತದೆ. ಮುಟ್ಟಿದರೆ ಕೈಗೆ. ನಾನು ಬೇರೇನೂ ಮಾಡದೆ ಐದು ಸಲವೂ ಅದರ ಮುಂದೆಯೇ ನಿಂತಿದ್ದೆ.

ಯಾವ ಸಾಮಾನು ಮೊದಲು? ಇದಕ್ಕೆ ಜಗಳಗಳೇ ಇವೆ. ಪಿಕಾಸಿ ಅನ್ನುವವರು ಜಾಸ್ತಿ, ಅವರು ಹೇಳುವುದು ಸರಿಯೂ ಹೌದು. ಗಣಿ 120 ಅಂತಸ್ತು ಇದೆ, ಗಟ್ಟಿ ಪಿಕಾಸಿ ಇದ್ದರೆ ಬೇಗ ಇಳಿಯಬಹುದು. ಕೊಡಲಿ ತಾಮ್ರದ್ದಾದರೆ ತೋಟದಲ್ಲಿರುವ ದೊಡ್ಡ ಬುಡಗಳನ್ನು ಕಡಿಯಬಹುದು. ಗುದ್ದಲಿಗೆ ನಾನಂತೂ ಮೊದಲ ವರ್ಷ ಒಂದು ಪೈಸೆ ಹಾಕುವುದಿಲ್ಲ, ನೆಲ ಅಗೆಯುವುದು ಒಂದೇ ಸಲದ ಕೆಲಸ. ನಾನು ಕ್ಯಾನನ್ನೇ ಆರಿಸಿದೆ. ನೀರು ಹಾಕುವುದು ದಿನಾ ಇರುವ ಕೆಲಸ, ದಿನಾ ಮಾಡುವ ಕೆಲಸ ಮೊದಲು ಹಗುರಾಗಬೇಕು. ನಮ್ಮ ಮನೆಯಲ್ಲೂ ಮೊದಲು ಬಂದದ್ದು ಮಿಕ್ಸಿ, ಆಮೇಲೆ ಟಿವಿ.

ಕ್ಯಾನ್ ಎರಡು ದಿನ ಇಲ್ಲದಿದ್ದರೆ ಗಿಡದ ಗತಿ ಏನು ಅಂತ ಕೇಳಬಹುದು. ಅದಕ್ಕೊಂದು ಉಪಾಯ ಇದೆ, ಈ ಆಟ ಆಡುವ ಎಲ್ಲರಿಗೂ ಯಾರೋ ಒಬ್ಬರು ಹೇಳಿಕೊಟ್ಟಿರುತ್ತಾರೆ. ಬೆಳಿಗ್ಗೆ ಎದ್ದು ಆಟದ ಮನೆಯಲ್ಲಿರುವ ಟಿವಿ ಹಾಕಿ, ಹವಾಮಾನ ನೋಡಿ. ನಾಳೆ ಮಳೆ ಅಂತ ಬಂದರೆ ಇವತ್ತು ಗಿಡಕ್ಕೆ ನೀರು ಹಾಕಿ ಮುಗಿಸಿ, ನಾಲ್ಕರ ಒಳಗೆ ಕ್ಯಾನ್ ಕ್ಲಿಂಟ್‌ಗೆ ಕೊಟ್ಟುಬಿಡಿ. ನಾಳೆ ಮಳೆಯೇ ನೀರು ಹಾಕುತ್ತದೆ. ನಾಡಿದ್ದು ಬೆಳಿಗ್ಗೆ ಕ್ಯಾನ್ ರೆಡಿ. ಒಂದು ದಿನವೂ ಒಣಗುವುದಿಲ್ಲ.

ಇದನ್ನೆಲ್ಲ ಇಷ್ಟು ಚೆನ್ನಾಗಿ ಹೇಳುತ್ತಿರುವ ನಾನು ಏನು ಮಾಡಿದೆ? 11ನೇ ದಿನ, ಗುರುವಾರ, ಐದನೇ ಗಟ್ಟಿ ಕೈಗೆ ಬಂತು. ಟಿವಿ ನೋಡಲಿಲ್ಲ. ಗೋಡೆ ಮೇಲಿನ ಕ್ಯಾಲೆಂಡರ್ ಅಂತೂ ನೋಡಲೇ ಇಲ್ಲ. ಖುಷಿಗೆ ಓಡಿದೆ, ಕೊಟ್ಟೆ, 2,000 ಎಣಿಸಿದೆ. 12ಕ್ಕೆ ಬಿಸಿಲು. ಇರಲಿ, ನಾಳೆ ತರುತ್ತೇನೆ ಅಂದುಕೊಂಡು ಅವತ್ತು ಮೀನು ಹಿಡಿದೆ. 13ಕ್ಕೆ ಊರಿಗೆ ಹೋದರೆ ಮೊಟ್ಟೆ ಹಬ್ಬ! ಹಬ್ಬದ ದಿನ ಅಂಗಡಿಗಳೆಲ್ಲ ಬಂದ್, ಕುಲುಮೆಯೂ ಬಂದ್. ಕ್ಲಿಂಟ್ ಅಲ್ಲೇ ಚೌಕದಲ್ಲಿ ನಿಂತಿದ್ದಾನೆ. ನನ್ನ ಕ್ಯಾನ್ ಒಳಗೆ ರೆಡಿಯಾಗಿ ಕೂತಿದೆ. ಕೇಳಿದರೆ ಹಬ್ಬದ ಮಾತು ಆಡುತ್ತಾನೆ.

ಇದೇ ಹೊತ್ತಿಗೆ ಅಪ್ಪ ಪಕ್ಕ ಬಂದು ಕೂತರು. ಏನಮ್ಮ ಅದು ಅಂದರು. ವಿವರಿಸಿದೆ. ಅವರು ಫೋನನ್ನೇ ನೋಡುತ್ತಾ, "ಒಂದು ಕ್ಯಾನಿಗೆ ಎರಡು ದಿನವಾ? ನಮ್ಮೂರಲ್ಲಿ ಬೆಳಿಗ್ಗೆ ಕುಡುಗೋಲು ಕೊಟ್ಟರೆ ಮಧ್ಯಾಹ್ನದ ಊಟದೊಳಗೆ ತಟ್ಟಿ ಕೊಡುತ್ತಿದ್ದರು. ಹಬ್ಬ ಇದ್ದರೆ ಮೊದಲೇ ಹೇಳುತ್ತಿದ್ದರು" ಅಂದರು. ಕೊನೇ ಮಾತು ನನಗೆ ತುಂಬಾ ನ್ಯಾಯ ಅನ್ನಿಸಿತು. ಕ್ಲಿಂಟ್ ಒಂದು ಮಾತು ಹೇಳಬಹುದಿತ್ತು.

ಮೊಟ್ಟೆ ಹಬ್ಬದಲ್ಲಿ ಸ್ಟ್ರಾಬೆರಿ ಬೀಜ ಮಾರುತ್ತಾರೆ, ಒಂದಕ್ಕೆ 100. ಕೈಯಲ್ಲಿ 1,200 ಚಿಲ್ಲರೆ ಇತ್ತು, 12 ಬೀಜ ತಂದೆ. ರಾತ್ರಿ ಹತ್ತಕ್ಕೆ ಮನೆ ಸೇರಿ, ಗುದ್ದಲಿ ತೆಗೆದು ಅಗೆದು ಹಾಕಿದೆ. ನೀರು? ಕ್ಯಾನ್ ಇಲ್ಲ. ಕೆರೆ ಹತ್ತು ಹೆಜ್ಜೆ ದೂರದಲ್ಲಿದೆ, ಕೈಯಲ್ಲಿ ಗುದ್ದಲಿ ಹಿಡಿದುಕೊಂಡು ನಿಂತಿದ್ದೇನೆ. ಈ ದೃಶ್ಯ ಇಲ್ಲಿ ಪೂರ್ತಿ ಬಿಟ್ಟಿದ್ದೇನೆ, ಎಡಿಟ್ ಮಾಡಿಲ್ಲ.

ಆಮೇಲೆ ಮಲಗುವ ಮೊದಲು ಲೆಕ್ಕ ಹಾಕಿದೆ, ಸ್ವಲ್ಪ ಸಮಾಧಾನ ಆಯಿತು. ಇಲ್ಲಿ ನೀರಿಲ್ಲದೆ ಗಿಡ ಸಾಯುವುದಿಲ್ಲ, ಆ ದಿನ ಬೆಳೆಯುವುದಿಲ್ಲ ಅಷ್ಟೇ. ಸಾಯುವುದು ಋತು ಬದಲಾದಾಗ. ಒಂದೊಂದು ಋತು 28 ದಿನ. ಸ್ಟ್ರಾಬೆರಿಗೆ 8 ದಿನ, ಆಮೇಲೆ 4 ದಿನಕ್ಕೊಮ್ಮೆ ಹಣ್ಣು. 13ಕ್ಕೆ ನೀರು ಬಿದ್ದಿದ್ದರೆ 21 ಮತ್ತು 25. ಈಗ 14ಕ್ಕೆ ಬಿದ್ದರೆ 22 ಮತ್ತು 26. ಎರಡು ಕೊಯ್ಲಿಗೆ ಎರಡೇ ಕೊಯ್ಲು. ಸುಮ್ನೆ ಒದ್ದಾಡಿದೆ.

14ಕ್ಕೆ ಒಂಬತ್ತು ಗಂಟೆಗೆ ಸರಿಯಾಗಿ ಕುಲುಮೆ ಬಾಗಿಲಲ್ಲಿದ್ದೆ. ನೋಡಿ, ತಾಮ್ರದ ಕ್ಯಾನ್! ಒತ್ತಿ ಹಿಡಿದು ಬಿಟ್ಟರೆ ಸಾಲಾಗಿ ಮೂರು ಗಿಡಕ್ಕೆ ನೀರು, ತುಂಬಿಸಿದರೆ 40ರ ಬದಲು 55. ಮೊದಲ ಎರಡು ಸಾಲಲ್ಲಿ ಬೇಗ ಕೈ ಬಿಟ್ಟು ಒಂದೊಂದಕ್ಕೇ ಹಾಕಿದೆ. ಹಳೇ ಅಭ್ಯಾಸ.

ಈಗ 22ನೇ ದಿನ, ಸೋಮವಾರ. ನಡುವಿನ ದಿನಗಳನ್ನು ಬೇಗ ಓಡಿಸುತ್ತಿದ್ದೇನೆ: ಗಣಿ, ಗಣಿ, ಮೀನು, ಗಣಿ. 41ನೇ ಅಂತಸ್ತಿನಿಂದ ಕಬ್ಬಿಣ ಶುರು, ಕಬ್ಬಿಣದ ಗಟ್ಟಿಗೆ ಕುಲುಮೆ ಎರಡು ಗಂಟೆ ತೆಗೆದುಕೊಳ್ಳುತ್ತದೆ. ಐದು ಗಟ್ಟಿ ಆಗಿವೆ. ಬೆಳಿಗ್ಗೆ ಸ್ಟ್ರಾಬೆರಿ ಕಿತ್ತು ಪಿಯೇರ್ ಅಂಗಡಿಗೆ ಮಾರಿದೆ, 5,000 ದಾಟಿತು. ಟಿವಿ ಹಾಕಿದ್ದೆ, ಈ ಸಲ ಮರೆತಿಲ್ಲ. ನಾಳೆ ಮಳೆ! ಗಿಡಕ್ಕೆ ನೀರು ಹಾಕಿದೆ, ಕ್ಯಾನ್ ಎತ್ತಿಕೊಂಡೆ. ಎಲ್ಲವೂ ಸರಿಯಾಗಿದೆ. ಪಿಯೇರ್ ಅಂಗಡಿ ಪಕ್ಕದ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆ, ಹೋಗುವಾಗ ಅದನ್ನೂ ನೋಡೋಣ ಅನ್ನಿಸಿತು. 24ಕ್ಕೆ ಹೂವಿನ ಕುಣಿತ.

ಹಬ್ಬ. ಮತ್ತೆ ಬಂದ್.

ಅಲ್ಲೇ ನಿಂತು ಬೆರಳು ಮಡಚಿದೆ. 23 ಮಳೆ ನೋಡಿಕೊಳ್ಳುತ್ತದೆ. 24 ಒಣ. 25 ಬೆಳಿಗ್ಗೆ ಕ್ಯಾನ್ ಕೈಗೆ. ಸ್ಟ್ರಾಬೆರಿ 26ರ ಬದಲು 27ಕ್ಕೆ ಬರುತ್ತದೆ. ವಸಂತ ಮುಗಿಯುವುದು 28ಕ್ಕೆ. ಒಂದು ದಿನ ಕೈಯಲ್ಲಿ ಉಳಿಯುತ್ತದೆ. ಗಂಟೆ 3:40, ಕ್ಲಿಂಟ್ ಇನ್ನೂ ಬಾಗಿಲು ಮುಚ್ಚಿಲ್ಲ.

ಕೊಟ್ಟೆ. ಈ ಸಲ ಹಬ್ಬ ಇದೆ ಅಂತ ಗೊತ್ತಿದ್ದೇ ಕೊಟ್ಟೆ.