ಒಂದೇ ಭುಜನೋವು, ಬೇರೆ ಬೇರೆ ಕಷಾಯ

ಆತ್ಮೀಯರೇ,

ಕತ್ತಿನ ಬುಡದಿಂದ ಹೆಗಲಿನವರೆಗೆ ಕಲ್ಲು ಕಟ್ಟಿದಂತಾಗುವ ನೋವನ್ನು ಜಪಾನಿನವರು ‘ಕತಕೋರಿ’ ಎನ್ನುತ್ತಾರೆ. ‘ಗೋಜುಕತ’ ಎಂಬುದು ಇನ್ನೊಂದು ಕಾಯಿಲೆ. ಪದದ ಅರ್ಥ ‘ಐವತ್ತರ ಭುಜ’. ಕೈಯೆತ್ತಿ ತಲೆ ಬಾಚಿಕೊಳ್ಳಲಾಗದು, ಆ ಮಗ್ಗುಲಿಗೆ ಹೊರಳಿದರೆ ನಿದ್ದೆ ಹಾರಿಹೋಗುತ್ತದೆ. ನಮ್ಮ ವೈದ್ಯರು ‘ಫ್ರೋಜನ್ ಶೋಲ್ಡರ್’ ಎನ್ನುವುದು ಹೆಚ್ಚುಕಡಿಮೆ ಇದನ್ನೇ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು.

ಜಪಾನಿನ ಸಾಂಪ್ರದಾಯಿಕ ಗಿಡಮೂಲಿಕೆ ವೈದ್ಯಪದ್ಧತಿಯಾದ ‘ಕಾಂಪೋ’ ವೈದ್ಯರ ಬಳಿಗೆ ಭುಜನೋವೆಂದು ಹೋದವರನ್ನು ಅವರು ಅಂಗಾತ ಮಲಗಿಸಿ ಹೊಟ್ಟೆ ಒತ್ತಿ ನೋಡುತ್ತಾರೆ. ಚೀನಾದಿಂದ ಬಂದ ಈ ಪದ್ಧತಿ ಜಪಾನಿನಲ್ಲಿ ತನ್ನದೇ ದಾರಿ ಹಿಡಿದದ್ದು ಇಲ್ಲಿಯೇ. 18ನೇ ಶತಮಾನದ ಜಪಾನಿ ವೈದ್ಯ ಯೋಶಿಮಾಸು ತೋದೋ ಹೊಟ್ಟೆಯ ಪರೀಕ್ಷೆಗೆ ಬಹಳ ಮಹತ್ವ ಕೊಟ್ಟವರು. ಪಕ್ಕೆಲುಬಿನ ಕೆಳಗೆ ಬಿಗಿಯಿದೆಯೇ, ಕಿಬ್ಬೊಟ್ಟೆ ಒತ್ತಿದರೆ ನೋಯುತ್ತದೆಯೇ, ಪಾದ ತಣ್ಣಗಿದೆಯೇ, ಬೆವರು ಬರುತ್ತದೆಯೇ, ಇವೆಲ್ಲ ಸೇರಿ ಆ ವ್ಯಕ್ತಿಯ ‘ಶೋ’, ಅಂದರೆ ಲಕ್ಷಣಗಳ ಒಟ್ಟು ಚಿತ್ರ, ಗೊತ್ತಾಗುತ್ತದೆ. ಔಷಧ ನಿರ್ಧಾರವಾಗುವುದು ಅದರ ಮೇಲೆ.

ಆದ್ದರಿಂದಲೇ ಒಂದೇ ನೋವಿಗೆ ಔಷಧಗಳು ಹಲವು. ಗಟ್ಟಿಮುಟ್ಟಾದ, ಬೆವರದ ವ್ಯಕ್ತಿಯ ಕತ್ತು ಬಿಗಿದರೆ ‘ಕಕ್ಕೊಂತೋ’. ಕುಡ್ಜು ಬಳ್ಳಿಯ ಬೇರು, ಎಫಿಡ್ರಾ ಎಂಬ ಗಿಡ, ದಾಲ್ಚಿನ್ನಿ, ಶುಂಠಿ ಸೇರಿದಂತೆ ಏಳು ದ್ರವ್ಯಗಳ ಈ ಯೋಗ (ಔಷಧ ಮಿಶ್ರಣ) ಸುಮಾರು 1800 ವರ್ಷ ಹಳೆಯದು. ಮುಖಕ್ಕೆ ಬಿಸಿ ಏರಿ ಪಾದ ತಣ್ಣಗಾಗುವ, ಕಿಬ್ಬೊಟ್ಟೆ ನೋಯುವ ಮಹಿಳೆಗೆ ‘ಕೇಶಿಬುಕುರ್ಯೋಗನ್’. ಚಳಿಗೆ ನೋವು ಹೆಚ್ಚುವ ದುರ್ಬಲ ವೃದ್ಧರಿಗೆ, ಸಂಸ್ಕರಿಸಿದ ವತ್ಸನಾಭಿ ಜಾತಿಯ ಗೆಡ್ಡೆ ಸೇರಿದ ‘ಕೇಶಿಕಾಜುತ್ಸುಬುತೋ’. ಐವತ್ತರ ಭುಜಕ್ಕೆಂದೇ ‘ನಿಜುತ್ಸುತೋ’ ಇದೆ.

ತಲೆನೋವಿಗೂ ಕಕ್ಕೊಂತೋ, ಹೊಟ್ಟೆನೋವಿಗೂ ಕಕ್ಕೊಂತೋ, ಕೊನೆಗೆ ರೋಗಿಯ ಜೊತೆಗೆ ಬಂದವನಿಗೂ ಕಕ್ಕೊಂತೋ ಕೊಡುವ ವೈದ್ಯನೊಬ್ಬನ ಹಳೆಯ ಕಥೆ ಜಪಾನಿನಲ್ಲಿದೆ. ಅಂತರ್ಜಾಲದಲ್ಲಿ ಔಷಧದ ಹೆಸರು ನೋಡಿ ತಾವೇ ತರಿಸಿಕೊಳ್ಳುವವರನ್ನು ಕಂಡಾಗ ನನಗೆ ಆ ಕಥೆ ನೆನಪಾಗಿ ಆತಂಕವಾಗುತ್ತದೆ.

ಜಪಾನಿನಲ್ಲಿ ಕಾಂಪೋ ಬರೆದುಕೊಡುವವರು ಆಧುನಿಕ ವೈದ್ಯ ಪದವೀಧರರೇ. 1976ರಿಂದ ಇಂಥ ಅನೇಕ ಔಷಧಗಳು ಆರೋಗ್ಯ ವಿಮೆಯೊಳಗೆ ಬಂದವು. ಈಗ ಅಂಥವು 148. ಆದರೂ ಭುಜನೋವಿನ ವಿಷಯದಲ್ಲಿ ದೊಡ್ಡ, ಗಟ್ಟಿಯಾದ ಪ್ರಯೋಗಗಳು ಕಡಿಮೆ. ಮೇಲಾಗಿ ಫ್ರೋಜನ್ ಶೋಲ್ಡರ್ ಒಂದರಿಂದ ಮೂರು ವರ್ಷಗಳಲ್ಲಿ ಹಲವರಿಗೆ ತಾನಾಗಿಯೇ ಸಡಿಲಗೊಳ್ಳುತ್ತದೆ. ವಾಸಿಯಾಯಿತೆಂದರೆ ಕಷಾಯದಿಂದಲೋ ಕಾಲದಿಂದಲೋ ಎಂದು ಹೇಳುವುದು ಕಷ್ಟ. ಹೀಗಾಗಿ ಕಷಾಯ ಕುಡಿಯುವವರೂ ಭುಜದ ವ್ಯಾಯಾಮ ಬಿಡಬಾರದು.

ಎಚ್ಚರಿಕೆಯ ಮಾತನ್ನು ಒತ್ತಿ ಹೇಳುತ್ತೇನೆ. ಎಫಿಡ್ರಾದಲ್ಲಿರುವ ಎಫಿಡ್ರಿನ್ ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಕಾಂಪೋ ಯೋಗಗಳಲ್ಲಿ ಬಹುಪಾಲು ಜ್ಯೇಷ್ಠಮಧು ಇರುತ್ತದೆ. ನಮ್ಮ ಗ್ರಂಥಿಗೆ ಅಂಗಡಿಯಲ್ಲಿ ಸಿಗುವ, ಕೆಮ್ಮಿಗೆ ಅಗಿಯುವ ಬೇರು ಅದೇ. ಹೆಚ್ಚಾದರೆ ಅದು ರಕ್ತದ ಪೊಟ್ಯಾಸಿಯಂ ಇಳಿಸುತ್ತದೆ. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ನುಂಗುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಕಾಂಪೋ ಔಷಧ ಶುರುಮಾಡಿದ ಮೇಲೆ ಕಾಲು ಊದಿಕೊಂಡರೆ, ತೋಳು ತೊಡೆಗಳ ಬಲ ಕುಂದಿದರೆ ಅದನ್ನು ಅಂದೇ ನಿಲ್ಲಿಸಿ. ನುಂಗುತ್ತಿರುವ ಎಲ್ಲ ಮಾತ್ರೆ, ಪುಡಿಗಳನ್ನೂ ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿಗೆ ಹೋಗಿ, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ.