ತೋಡಿಗೆ ಒಂದು ಕಟ್ಟ

ಕೇಳುಗರಿಗೆಲ್ಲ ನಮಸ್ಕಾರ. ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ತೋಟದ ಕೆಲಸ ಮುಗಿಸಿ, ಕಾಲು ತೊಳೆದು, ಜಗಲಿಯಲ್ಲಿ ಕೂತು ರೇಡಿಯೋ ಹಾಕಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ.

ಹಳೆಯ ಶಬ್ದಗಳ ಬಗ್ಗೆ ಮಾತಾಡಬೇಕಂತೆ. ಹಳಗನ್ನಡ ಅಂತ ಹೆದರಬೇಡಿ. ನಾನು ಹೇಳುವುದು ನಿಮ್ಮ ಅಜ್ಜ ದಿನಾ ಆಡುತ್ತಿದ್ದ ಮಾತು. ಕಟ್ಟ. ಎರಡೇ ಅಕ್ಷರ.

ಮಳೆ ಬಿಟ್ಟು ತೋಡಿನ, ಅಂದರೆ ಸಣ್ಣ ಹಳ್ಳದ, ಸೆಳೆತ ಇಳಿದ ಮೇಲೆ, ಡಿಸೆಂಬರ್ ಹೊತ್ತಿಗೆ, ಕಲ್ಲು, ಮಣ್ಣು, ಅಡಿಕೆ ಮರದ ತುಂಡು ಅಡ್ಡ ಹಾಕಿ ನೀರು ನಿಲ್ಲಿಸುತ್ತೇವಲ್ಲ, ಅದು. ನಿಂತ ನೀರು ಇಂಗುತ್ತದೆ, ಆಚೀಚೆಯ ಬಾವಿ ಏರುತ್ತದೆ. ಮುಂದಿನ ಮಳೆಗೆ ಕಟ್ಟ ಕೊಚ್ಚಿಹೋಗುತ್ತದೆ. ಹೋಗಲಿ, ಇರಲೆಂದು ಯಾರು ಕಟ್ಟಿದ್ದು?

ಒಮ್ಮೆ ನೀರಿನ ಸರ್ವೆಗೆ ಬಂದ ಹುಡುಗನೊಬ್ಬನಿಗೆ ದಾರಿ ತೋರಿಸಲು ಹೋಗಿದ್ದೆ. ತೋಡಿನಲ್ಲಿ ಒಬ್ಬರು ಅಜ್ಜ, ಮೊಣಕಾಲುದ್ದ ನೀರು. ಸೊಪ್ಪು ಮುದ್ದೆ ಮಾಡಿ ಸಂದಿಗೆ ತುರುಕುತ್ತಾರೆ, ಮೇಲೆ ಮಣ್ಣು ಹಾಕಿ ಹಿಮ್ಮಡಿಯಲ್ಲಿ ಮೆಟ್ಟುತ್ತಾರೆ. ಮಗ ದಡದಿಂದ ಬುಟ್ಟಿ ಕೊಡುತ್ತಿದ್ದಾನೆ. ನಮ್ಮ ಹುಡುಗ ಕಾಗದ ನೋಡಿ ಕೇಳಿದ, "ಅಜ್ಜ, ನಿಮ್ಮಲ್ಲಿ ಚೆಕ್ ಡ್ಯಾಮ್ ಉಂಟಾ?"

"ಇಲ್ಲಪ್ಪ. ಅದೆಲ್ಲ ಸರಕಾರದವರು ಮಾಡುವುದಲ್ವಾ?"

ಹುಡುಗ 'ಇಲ್ಲ' ಅಂತ ಬರೆದ. ಅಜ್ಜ ಇನ್ನೊಂದು ಬುಟ್ಟಿ ಮಣ್ಣು ಸುರಿದರು! ನನಗೆ ತಡೆಯಲಿಲ್ಲ. "ಮತ್ತೆ ಅವರು ನಿಂತದ್ದು ಎಂತದರ ಮೇಲೆ ಮಾರಾಯ?" ಅಂದೆ. "ಅದು ಸುಮ್ನೆ ಮಣ್ಣು ಸರ್, ಅದಕ್ಕೆ ಕಾಲಂ ಇಲ್ಲ" ಅಂದ. ಆಮೇಲೆ ನಾನೇ ಕೇಳಿದೆ, "ಅಜ್ಜ, ಈ ತೋಡಿಗೆ ಕಟ್ಟ ಎಷ್ಟು?" ಅಜ್ಜನ ಮುಖ ಅರಳಿತು. ಕೆಸರು ಕೈಯಲ್ಲೇ ಎಣಿಸಿದರು. ಮೇಲೆ ಎರಡು, ಕೆಳಗೆ ಮೂರು, ಇದೊಂದು. ಆರು ಕಟ್ಟ! ಕಾಗದದಲ್ಲಿ ಸೊನ್ನೆ.

ಅದಕ್ಕೇ ಹೇಳುವುದು, ಕಟ್ಟ ಅನ್ನಿ. ಪಂಚಾಯತಿನ ಅರ್ಜಿಯಲ್ಲೂ ಕಟ್ಟ ಅಂತಲೇ ಬರೆಯಿರಿ. ಅರ್ಥ ಆಗದಿದ್ದರೆ ಅವರು ಕೇಳಿ ತಿಳಿದುಕೊಳ್ಳಲಿ.

ಕತೆಯಲ್ಲೇ ಹೊತ್ತು ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ. ಬೈಲು, ಮಜಲು, ಬೆಟ್ಟು. ಬೈಲಿನಲ್ಲಿ ವರ್ಷಕ್ಕೆ 3 ಬೆಳೆ, ಮಜಲಿನಲ್ಲಿ 2, ಬೆಟ್ಟಿನಲ್ಲಿ 1. ಗದ್ದೆಯ ಹೆಸರಿನಲ್ಲೇ ನೀರಿನ ಲೆಕ್ಕ ಇತ್ತು. ಈಗ ಎಲ್ಲದಕ್ಕೂ 'ಸೈಟ್'. ಸುರಂಗ ಅಂದರೆ ಈಗಿನ ಮಕ್ಕಳಿಗೆ ರೈಲು ಹೋಗುವ ತೂತು. ನಮ್ಮ ಸುರಂಗ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗುಡ್ಡಕ್ಕೆ ಅಡ್ಡ ಕೊರೆದು ನೀರು ತರುವಂಥದ್ದು. ಅದರ ಉದ್ದ ಅಳೆಯುವುದು ಕೋಲಿನಲ್ಲಿ, ಒಂದು ಕೋಲು ಸುಮಾರು 72 ಸೆಂಟಿಮೀಟರ್. ಗಡಿಯಾಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಕೊರೆದರು. ಐದು ಸುರಂಗದಲ್ಲಿ ನೀರಿಲ್ಲ, ಆರನೆಯದರಲ್ಲಿ ಸಿಕ್ಕಿತು. 2022ರಲ್ಲಿ ಪದ್ಮಶ್ರೀ ಬಂತು.

ನೀರ್ಚಾಲು ಅಂತ ಬಸ್ಸಿನ ಬೋರ್ಡು ಓದುವಾಗ ಅದರೊಳಗಿನ ನೀರು ನಿಮಗೆ ಕೇಳಿಸುವುದಿಲ್ಲವಾ? ಮದಕದ ಬಗ್ಗೆಯೂ ಬರೆದು ತಂದಿದ್ದೆ, ಸಮಯ ಇಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ಇವತ್ತು ರಾತ್ರಿಯೇ ಕೇಳಿ. ನಮಸ್ಕಾರ.